ಗಿಡ್ಡಪ್ಪ ಕಂಡ ಎರಡನೇ ಗೆರೆ

ಗಿಡ್ಡಪ್ಪನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಆಮೇಲೆ ಇನ್ನೊಬ್ಬರು ಹೇಳುವುದು ಬೇಡ. ಆದರೆ ಬರೆಯುವವರು ಬೇರೆ ಯಾರಿದ್ದಾರೆ? ಡಾಕ್ಟರು ಬರೆಯುತ್ತಾರಾ? ಅವರು ಬರೆದದ್ದನ್ನು ನಾನು ಓದಿದ್ದೇನೆ, ಅದರ ಕೆಳಗೆ ಸಹಿಯನ್ನೂ ಹಾಕಿದ್ದೇನೆ. ಅದರ ಕಥೆ ಆಮೇಲೆ ಬರುತ್ತದೆ.

ನನ್ನ ಹೆಸರು ವಿಮಲಮ್ಮ. ತರೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸಾಗಿದ್ದೆ. ಅಲ್ಲಿ ನನಗೆ ‘ಬಾಯಿ ಸಿಸ್ಟರ್’ ಎಂಬ ಅಡ್ಡಹೆಸರಿತ್ತು. ರೋಗಿಯ ಕಡೆಯವರು ಚಪ್ಪಲಿ ಕಾಲಲ್ಲಿ ವಾರ್ಡಿಗೆ ಬಂದರೆ ಬೈಯುತ್ತಿದ್ದೆ, ಕಸ ಗುಡಿಸುವವರು ಮೂಲೆ ಬಿಟ್ಟರೆ ಬೈಯುತ್ತಿದ್ದೆ, ಡಾಕ್ಟರು ತಡವಾಗಿ ಬಂದರೆ ಅವರನ್ನೂ ಬಿಡುತ್ತಿರಲಿಲ್ಲ. ಇಂಥ ಬಾಯಿ ಬೇಕಾದ ಹೊತ್ತಿನಲ್ಲೇ ಮುಚ್ಚಿಕೊಂಡಿತು. ಹಾಳಾದ್ದು.

ಗಿಡ್ಡಪ್ಪ ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದ. ಹೆಸರು ಗಿಡ್ಡಪ್ಪ, ಆಳು ಆರಡಿ. ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡವನು. ಆದರೂ ಮೊದಲ ದಿನದಿಂದ ನಾನು ಅವನನ್ನು ‘ಬಾರಪ್ಪ, ಹೋಗಪ್ಪ’ ಎಂದೇ ಮಾತಾಡಿಸಿದ್ದು. ಅವನು ನನ್ನನ್ನು ‘ಸಿಸ್ಟರ್, ಬನ್ನಿ, ಕೂತ್ಕಳಿ’ ಎನ್ನುತ್ತಿದ್ದ. ಯಾಕೆ ಹೀಗೆ ಎಂದು ನಾವಿಬ್ಬರೂ ಕೇಳಿಕೊಂಡವರಲ್ಲ. ಕೇಳುವುದಕ್ಕೇನಿದೆ, ಅವನು ಯಾವ ಕೇರಿಯವನು, ನಾನು ಯಾವ ಮನೆಯವಳು ಎಂಬುದು ಆಸ್ಪತ್ರೆಯ ಬೆಕ್ಕಿಗೂ ಗೊತ್ತಿತ್ತು. ಈಗ ಬರೆಯುವಾಗ ಬಹುವಚನ ಹಚ್ಚಿದರೆ ಅದು ಶುದ್ಧ ನಾಟಕವಾಗುತ್ತದೆ. ಬಾಯಿಗೆ ರೂಢಿಯಾದಂತೆಯೇ ಬರೆಯುತ್ತೇನೆ.

ಹಿರೇನಲ್ಲೂರಿನವನು. ಎಸ್ಸೆಸ್ಸೆಲ್ಸಿ ಮುಗಿಸಿ ಕಡೂರಿನ ಒಬ್ಬ ಡಾಕ್ಟರ ಹತ್ತಿರ ಕತ್ತಲೆ ಕೋಣೆಯಲ್ಲಿ ಫಿಲ್ಮು ತೊಳೆಯುವ ಕೆಲಸಕ್ಕೆ ಸೇರಿದ. ಆಗ ಕಂಪ್ಯೂಟರಿಲ್ಲ. ಫಿಲ್ಮನ್ನು ಔಷಧಿ ನೀರಿನಲ್ಲಿ ಅದ್ದಿ, ಕೆಂಪು ದೀಪದಲ್ಲಿ ಹಿಡಿದು, ಮೂಳೆ ಮೂಡುವವರೆಗೆ ಕಾಯಬೇಕು. ಹಾಗೆ ಕಾದು ಕಾದು ಅವನಿಗೆ ನೆರಳು ಓದುವುದು ಬಂತು. ಕೆಲಸ ಮಾಡುತ್ತಲೇ ಪರೀಕ್ಷೆ ಕಟ್ಟಿ ಸರ್ಟಿಫಿಕೇಟು ತೆಗೆದುಕೊಂಡ. ತರೀಕೆರೆಗೆ ಬಂದ ಮೇಲೂ ಊರು ಬಿಡಲಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಬೀರೂರಿಗೆ, ಅಲ್ಲಿಂದ ರೈಲಿನಲ್ಲಿ ತರೀಕೆರೆಗೆ. ಮಧ್ಯಾಹ್ನ ನಾವೆಲ್ಲ ನರ್ಸ್ ಕೋಣೆಯಲ್ಲಿ ಬುತ್ತಿ ಬಿಚ್ಚಿ ಹಂಚಿಕೊಂಡು ತಿನ್ನುತ್ತಿದ್ದಾಗ ಅವನು ಎಕ್ಸ್‌ರೇ ಕೋಣೆಯಲ್ಲೇ ಒಬ್ಬನೇ ಉಣ್ಣುತ್ತಿದ್ದ. ‘ನನ್ನ ಕೈ ಎಲ್ಲ ಔಷಧಿ ವಾಸನೆ ಸಿಸ್ಟರ್’ ಎಂದಿದ್ದ. ಕಂಪ್ಯೂಟರು ಬಂದು ಆ ಔಷಧಿ ನೀರು ಹೋಗಿ ಹತ್ತು ವರ್ಷವಾದರೂ ಅವನು ಒಳಗೇ ಉಣ್ಣುತ್ತಿದ್ದ, ನಾವು ಯಾರೂ ಕರೆಯಲಿಲ್ಲ.

ಮಕ್ಕಳು ಏನಾದರೂ ನುಂಗಿದರೆ ಕಡೂರು, ಬೀರೂರು, ಅಜ್ಜಂಪುರದಿಂದ ಜನ ನಮ್ಮ ಆಸ್ಪತ್ರೆಗೇ ಬರುತ್ತಿದ್ದರು. ಡಾಕ್ಟರ ಬೋರ್ಡು ನೋಡಿ ಬರುತ್ತಿದ್ದರು ಅಂದುಕೊಂಡಿರಾ? ಉದ್ದನೆಯ ಎಕ್ಸ್‌ರೇ ಅಣ್ಣ ಇದ್ದಾನಾ ಎಂದು ಕೇಳಿಕೊಂಡು ಬರುತ್ತಿದ್ದರು. ಅವನ ಪದ್ಧತಿಯೇ ಬೇರೆ. ಬಂದ ತಾಯಿಯನ್ನು ‘ಏನು ನುಂಗ್ತು’ ಎಂದು ಕೇಳುತ್ತಲೇ ಇರಲಿಲ್ಲ.

“ಏನ್ ನುಂಗ್ತು ಅಂದ್ರೆ ಹೆದ್ರಿಕೇಲಿ ಬಾಯಿಗ್ ಬಂದಿದ್ ಹೇಳ್ತಾರೆ ಸಿಸ್ಟರ್. ಮನೇಲಿ ಏನ್ ಕಾಣ್ತಿಲ್ಲ ಅಂತ ಕೇಳ್ಬೇಕು. ಆಗ ಹೆಂಗಸ್ರು ಮನೆಯೆಲ್ಲ ಕಣ್ಣಾಗೇ ಗುಡಿಸ್ತಾರೆ,” ಎನ್ನುತ್ತಿದ್ದ.

ಆ ಪ್ರಶ್ನೆ ಕೇಳಿದ ಮೇಲೆ ಮಗುವಿನ ಬಾಯಿ ನೋಡುತ್ತಿದ್ದ. ಜೊಲ್ಲು ಹೆಚ್ಚು ಸುರಿಯುತ್ತಿದೆಯಾ, ಎಂಜಲು ನುಂಗಲಿಕ್ಕೆ ಕಷ್ಟಪಡುತ್ತಿದೆಯಾ, ಜ್ವರವಿಲ್ಲದೆ ಕೆಮ್ಮುತ್ತಿದೆಯಾ. ನೆರಳು ಬೀಳದ ವಸ್ತುಗಳೂ ಉಂಟು. ಕಡಲೆಬೀಜ, ಹುಣಸೆಬೀಜ, ಪ್ಲಾಸ್ಟಿಕ್ ಮಣಿ, ಇವೆಲ್ಲ ಎಕ್ಸ್‌ರೇಗೆ ಕಾಣುವುದಿಲ್ಲ. ಫಿಲ್ಮಿನಲ್ಲಿ ಏನೂ ಇಲ್ಲವೆಂದು ಡಾಕ್ಟರು ಕಳಿಸಲು ಹೊರಟ ಅಮೃತಾಪುರದ ಒಂದು ಮಗುವನ್ನು ಇವನೇ ತಡೆದು, “ಎದೆ ಒಂದು ಕಡೆ ಏಳ್ತಾ ಇಲ್ಲ ಸಾರ್, ನೋಡಿ” ಎಂದು ತೋರಿಸಿದ್ದ. ಶಿವಮೊಗ್ಗದಲ್ಲಿ ಉಸಿರುನಾಳದಿಂದ ಕಡಲೆಬೀಜ ತೆಗೆದರು. ನಮ್ಮ ಡಾಕ್ಟರ್ ಷಡಕ್ಷರಿ ಆ ಮಗುವಿನ ಅಪ್ಪನಿಂದ ಶಾಲು ಹೊದಿಸಿಕೊಂಡರು. ಗಿಡ್ಡಪ್ಪ ಬಾಗಿಲ ಹತ್ತಿರ ನಿಂತು ಚಪ್ಪಾಳೆ ತಟ್ಟಿದ.

ಅವನ ಹತ್ತಿರ ಒಂದು ಹಳೇ ತಗಡಿನ ಡಬ್ಬವಿತ್ತು. ನುಂಗಿದ ವಸ್ತು ಮೂರ್ನಾಲ್ಕು ದಿನದಲ್ಲಿ ಕಕ್ಕಸಿನಲ್ಲಿ ಹೊರಬಿದ್ದರೆ ತೊಳೆದು ತಂದು ತೋರಿಸಬೇಕೆಂದು ಅವನ ಕಟ್ಟಪ್ಪಣೆ. ಇಲ್ಲದಿದ್ದರೆ ನಂಬುತ್ತಿರಲಿಲ್ಲ. ಜನ ಕಾಗದದಲ್ಲಿ ಸುತ್ತಿ ತರುತ್ತಿದ್ದರು. ಮೂಗುತಿಯ ತಿರುಪು, ಕಾಲ್ಗೆಜ್ಜೆಯ ಗುಂಡು, ಪಿನ್ನು, ಬೀಗದ ಕೈ, ಎಂಟಾಣೆ. ಎಲ್ಲಕ್ಕೂ ಚೀಟಿ ಅಂಟಿಸಿ ಊರು, ತಾರೀಖು ಬರೆಯುತ್ತಿದ್ದ. ಬೀರೂರಿನ ಒಬ್ಬ ಅಜ್ಜಿ ಮಾತ್ರ ಎಂಟಾಣೆ ಕೊಡಲು ಒಪ್ಪಲಿಲ್ಲ. “ಮೊಮ್ಮಗನ ಹೊಟ್ಟೆಯಿಂದ ಬಂದ ಲಕ್ಷ್ಮಿ ಕಣಪ್ಪಾ, ದೇವರ ಮುಂದೆ ಇಡ್ತೀನಿ” ಎಂದು ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಯಿತು. ಆ ದಿನ ಇಡೀ ಆಸ್ಪತ್ರೆ ನಕ್ಕಿತ್ತು. ನಾವು ನಕ್ಕ ದಿನಗಳೂ ಇದ್ದವು, ಇಲ್ಲವೆನ್ನುವುದಿಲ್ಲ.

ಗುಂಡು ಸೆಲ್ಲಿನ, ಅಂದರೆ ವಾಚಿಗೆ, ಆಟದ ಸಾಮಾನಿಗೆ ಹಾಕುವ ಬಿಲ್ಲೆಯಂಥ ಬ್ಯಾಟರಿಯ ವಿಷಯ ಅವನಿಗೆ ಗೊತ್ತಾದದ್ದು ಬೀರೂರಿನ ರೈಲ್ವೆ ನೌಕರರೊಬ್ಬರ ಮಗುವಿನಿಂದ. ಫಿಲ್ಮಿನಲ್ಲಿ ರೂಪಾಯಿಯಂತೆ ದುಂಡಗೆ ಕಂಡಿತ್ತು. ನಾಣ್ಯವಾದರೆ ಕಾಯಬಹುದು ಎಂದರು ಡಾಕ್ಟರು. ಗಿಡ್ಡಪ್ಪನಿಗೆ ಯಾಕೋ ಸಮಾಧಾನವಿಲ್ಲದೆ ಚಿತ್ರವನ್ನು ಶಿವಮೊಗ್ಗದ ಆಸ್ಪತ್ರೆಯ ಪರಿಚಯದವರಿಗೆ ಮೊಬೈಲಿನಲ್ಲಿ ಕಳಿಸಿದ. ಅಲ್ಲಿನವರು ಕೂಗಾಡಿಬಿಟ್ಟರಂತೆ. ನಾಣ್ಯಕ್ಕೆ ಅಂಚಿನಲ್ಲಿ ಒಂದೇ ಗೆರೆ, ಸೆಲ್ಲಿಗೆ ಒಂದರೊಳಗೊಂದು ಎರಡು ಗೆರೆ. ನಾಣ್ಯ ಸುಮ್ಮನೆ ಕೂತಿರುತ್ತದೆ. ಸೆಲ್ಲು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಡಲು ಶುರುಮಾಡುತ್ತದೆ. ಆ ಮಗು ಹೊತ್ತಿಗೆ ಸರಿಯಾಗಿ ಹೋಗಿ ಉಳಿಯಿತು. ಮಾರನೇ ದಿನ ಗಿಡ್ಡಪ್ಪ ಒಂದು ರೂಪಾಯಿ, ಒಂದು ಗುಂಡು ಸೆಲ್ಲು ಎರಡನ್ನೂ ಪಕ್ಕಪಕ್ಕ ಇಟ್ಟು ಎಕ್ಸ್‌ರೇ ತೆಗೆದು, ಆ ಚಿತ್ರವನ್ನು ತನ್ನ ಕೋಣೆಯ ಗೋಡೆಗೆ ಅಂಟಿಸಿದ. ನಮ್ಮನ್ನೆಲ್ಲ ಕರೆದು ತೋರಿಸಿದ. ಅಂದರೆ ನನಗೂ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಈಗ ಆ ಸೋಮವಾರಕ್ಕೆ ಬರುತ್ತೇನೆ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅಜ್ಜಂಪುರದ ರುದ್ರಮೂರ್ತಿ ಕಾರಿನಲ್ಲಿ ಬಂದರು. ಈರುಳ್ಳಿ ಮಂಡಿಯ ರುದ್ರಮೂರ್ತಿ. ಮಠದ ಕಮಿಟಿಯಲ್ಲಿದ್ದವರು. ನಮ್ಮ ಆಸ್ಪತ್ರೆ ನಿಂತಿರುವ ಜಾಗವೂ ಅವರದೇ. ಅವರು ಬಂದರೆಂದರೆ ಡಾಕ್ಟರು ಎದ್ದು ನಿಲ್ಲುತ್ತಿದ್ದರು. ಜೊತೆಯಲ್ಲಿ ಸೊಸೆ ಸಂಗೀತಾ, ಅವಳ ಕಂಕುಳಲ್ಲಿ ಹದಿನಾಲ್ಕು ತಿಂಗಳ ಕೂಸು ಸ್ಫೂರ್ತಿ. ಮಗು ಹಿಂದಿನ ಸಂಜೆಯಿಂದ ಹಾಲು ಕುಡಿದಿರಲಿಲ್ಲ. ಎರಡು ಸಲ ವಾಂತಿ. ಊರಿನಲ್ಲಿ ನೆಗಡಿ ಎಂದು ಸಿರಪ್ಪು ಕೊಟ್ಟಿದ್ದರು. ಅತ್ತೆ ಗಂಟಲು ತಣ್ಣಗಾಗಲಿ ಎಂದು ಬಾಳೆಹಣ್ಣು ಕಿವುಚಿ ತಿನ್ನಿಸಿದ್ದರು, ಅದೂ ಹೊರಗೆ ಬಂದಿತ್ತು. ಜೊಲ್ಲು ಸುರಿದು ಸುರಿದು ಅಂಗಿಯ ಎದೆಭಾಗ ತೊಯ್ದು ಹೋಗಿತ್ತು. ಡಾಕ್ಟರು ಎಕ್ಸ್‌ರೇ ಬರೆದುಕೊಟ್ಟರು. ನಾನು ಫೈಲು ಹಿಡಿದು ಅವರೊಂದಿಗೆ ಹೋದೆ.

ಗಿಡ್ಡಪ್ಪ ಮಗುವಿನ ಬಾಯಿ ನೋಡಿದವನೇ ಸುಮ್ಮನಾದ. ಅವನು ಸುಮ್ಮನಾದರೆ ಏನೋ ಇದೆ ಎಂದೇ ಅರ್ಥ.

“ತಾಯೀ, ಮನೇಲಿ ಏನ್ ಕಾಣ್ತಿಲ್ಲ?” ಎಂದ.

ಸಂಗೀತಾ ಬಾಯಿ ತೆರೆಯುವ ಮೊದಲೇ ರುದ್ರಮೂರ್ತಿ, “ನಮ್ಮನೇಲಿ ಏನ್ ಕಾಣದೇ ಇದ್ರೆ ನಿನಗೇನಯ್ಯಾ? ಪೊಲೀಸಿನೋನೇನು ನೀನು? ಬೇಗ ತೆಗಿ,” ಎಂದರು.

ಗಿಡ್ಡಪ್ಪ ಮಗುವನ್ನು ಮೇಜಿನ ಮೇಲೆ ಮಲಗಿಸಲು ಹೇಳಿದ. ಸಂಗೀತಾ ಎರಡು ಕೈಯಲ್ಲಿ ಮಗುವಿನ ತೋಳು ಹಿಡಿದಳು, ರುದ್ರಮೂರ್ತಿ ಕಾಲು ಹಿಡಿದರು. ಅಂಗಿ ಬಿಚ್ಚಿದಾಗ ಕೊರಳಲ್ಲಿ ಶಿವದಾರ, ಅದರ ತುದಿಯಲ್ಲಿ ಬೆಳ್ಳಿಯ ಪುಟ್ಟ ಕರಡಿಗೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಸ್ವಾಮಿಗಳ ಕೈಯಿಂದ ಲಿಂಗ ಕಟ್ಟಿಸುತ್ತೇವೆ. ಕರಡಿಗೆ ಎಂದರೆ ಆ ಲಿಂಗವನ್ನು ಇಟ್ಟುಕೊಳ್ಳುವ ಪುಟ್ಟ ಡಬ್ಬಿ. ನಿಷ್ಠೆಯ ಮನೆಗಳಲ್ಲಿ ಅದನ್ನು ಮೈಯಿಂದ ಅಗಲಿಸುವುದಿಲ್ಲ. ನನ್ನ ಕೊರಳಲ್ಲೂ ಅದೇ ದಾರವಿದೆ.

“ಕೊರಳಲ್ಲಿರೋದು ಬಿಚ್ಬೇಕಲ್ಲಮ್ಮ. ಬೆಳ್ಳಿದು, ನೆರಳು ಬೀಳ್ತದೆ.”

ಸಂಗೀತಾ ದಾರಕ್ಕೆ ಕೈ ಹಾಕಿದಳು.

“ಏಯ್ ಸಂಗೀತಾ! ಲಿಂಗ ಮೈಯಿಂದ ಬೇರೆ ಮಾಡ್ತಾರೇನೇ? ಮಠದ ಅಜ್ಜಯ್ಯನೋರು ಕಟ್ಟಿರೋದು ಅದು!”

“ಒಂದ್ನಿಮಿಷ ಅಲ್ವಾ ಮಾವ…”

“ಒಂದ್ನಿಮಿಷನೂ ಇಲ್ಲ, ಅರ್ಧನಿಮಿಷನೂ ಇಲ್ಲ.”

ಗಿಡ್ಡಪ್ಪನಿಗೆ ಇದು ಹೊಸದಲ್ಲ. ಅದಕ್ಕೂ ಅವನ ಹತ್ತಿರ ಉಪಾಯವಿತ್ತು. “ಬಿಚ್ಚೋದು ಬ್ಯಾಡ ಯಜಮಾನ್ರೇ. ಇಲ್ಲಿಗ್ ಬರೋ ನಿಮ್ಮೋರೆಲ್ಲ ಹೆಗಲ ಹಿಂದಕ್ಕೆ ಸರಿಸ್ಕೊತಾರೆ. ಮೈಮ್ಯಾಲೇ ಇರ್ತದೆ, ಅಡ್ಡ ಮಾತ್ರ ಬರಲ್ಲ,” ಎಂದ ಮೆಲ್ಲಗೆ.

ಸಂಗೀತಾ ಅದನ್ನು ಹೆಗಲಿನ ಹಿಂದಕ್ಕೆ ಸರಿಸಿ ಮತ್ತೆ ತೋಳು ಹಿಡಿದಳು. ಮಗು ಕಿರುಚಿ ಒದ್ದಾಡಿತು. ಕರಡಿಗೆ ಜಾರಿ ಮತ್ತೆ ಕೊರಳ ಗುಂಡಿಗೇ ಬಂದು ಕೂತಿತು. ತಾಯಿಯ ಎರಡು ಕೈಯೂ ಬಿಡುವಿಲ್ಲ. ಗಿಡ್ಡಪ್ಪ ತಾನೇ ಸರಿಸಲು ಕೈ ಚಾಚಿದ.

“ಮುಟ್ಬೇಡಲೇ!”

ಆ ಕೂಗಿಗೆ ಮಗು ಕೂಡ ಒಂದು ಗಳಿಗೆ ಅಳು ನಿಲ್ಲಿಸಿತು. ಗಿಡ್ಡಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ತಿರುಗಿ, “ಸಿಸ್ಟರ್…” ಎಂದ. ಅಷ್ಟೇ ಎಂದದ್ದು.

ನಾನು ಕೈಯಲ್ಲಿದ್ದ ಫೈಲು ನೋಡಿದೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಹೇಳದೆ ಬಿಡುವುದಿಲ್ಲ.

ಕರಡಿಗೆ ಅಲ್ಲೇ ಇದ್ದ ಹಾಗೆಯೇ ಎಕ್ಸ್‌ರೇ ಆಯಿತು. ಕಂಪ್ಯೂಟರಿನಲ್ಲಿ ಚಿತ್ರ ಮೂಡಿತು. ಕೊರಳ ಬುಡದಲ್ಲಿ ಬೆಳ್ಳಗೆ ಒಂದು ಗಡ್ಡೆ, ಅದು ಕರಡಿಗೆ. ಅದರ ಕೆಳಗಡೆ ಎಡಭಾಗದಲ್ಲಿ ಬಳೆಚೂರಿನಷ್ಟು ಒಂದು ಬಾಗಿದ ಅಂಚು ಹೊರಗೆ ಕಾಣುತ್ತಿತ್ತು. ಗಿಡ್ಡಪ್ಪ ಅದನ್ನು ದೊಡ್ಡದು ಮಾಡಿದ. ಒಂದು ಗೆರೆ, ಅದರೊಳಗೆ ಇನ್ನೊಂದು ಗೆರೆ. ಡಾಕ್ಟರನ್ನು ಕರೆಯಲು ಅವನೇ ಓಡಿದ.

ಬೇರೆ ದಿನಗಳಲ್ಲಾಗಿದ್ದರೆ ಡಾಕ್ಟರ್ ಷಡಕ್ಷರಿ ಬಾಗಿಲು ಹಾಕಿಕೊಂಡು, “ಏನಪ್ಪಾ ಗಿಡ್ಡಪ್ಪ, ಏನ್ ಕಾಣುತ್ತೆ?” ಎಂದು ಕೇಳಿ, ಹೊರಗೆ ಬಂದು ಅದನ್ನೇ ತಮ್ಮ ಮಾತಾಗಿ ಹೇಳುತ್ತಿದ್ದರು. ಅವತ್ತು ಬಾಗಿಲು ಹಾಕಲು ಆಗಲಿಲ್ಲ. ರುದ್ರಮೂರ್ತಿ ಬೆನ್ನಿಗೇ ನಿಂತಿದ್ದರು.

“ಸಾರ್, ಇಲ್ ನೋಡಿ. ಎರಡು ಗೆರೆ ಅದೆ. ಕರಡಿಗೆ ಹಿಂದೆ ಇನ್ನೊಂದೇನೋ ಕೂತದೆ. ಸೆಲ್ಲೇ ಇರ್ಬೌದು. ಕರಡಿಗೆ ಸರಿಸಿ ಪಕ್ಕದಿಂದ ಇನ್ನೊಂದು ತೆಗೀಬೇಕು ಸಾರ್, ಈಗ್ಲೇ.”

ರುದ್ರಮೂರ್ತಿ ನಕ್ಕರು. “ಏನ್ ಡಾಕ್ಟ್ರೇ, ಇಲ್ಲಿ ಓದಿರೋರು ನೀವೋ ಇವನೋ?”

ಆ ಒಂದು ಮಾತು ಸಾಕಾಯಿತು. ಡಾಕ್ಟರ ಕಿವಿ ಕೆಂಪಾಯಿತು. ಚಿತ್ರದ ಹತ್ತಿರ ಬಗ್ಗಿ ನೋಡುವ ಶಾಸ್ತ್ರ ಮಾಡಿದರು. “ಕರಡಿಗೆ ಅಂಚು ಕಣಯ್ಯಾ ಅದು. ಡಬ್ಬಿ ಅಂದ್ಮೇಲೆ ಮುಚ್ಚಳದ್ದೊಂದು ಗೆರೆ, ತಳದ್ದೊಂದು ಗೆರೆ ಇರಲ್ವಾ? ಕೂಸಿಗೆ ಸುಮ್ಸುಮ್ನೆ ಇನ್ನೊಂದ್ ಸಲ ಎಕ್ಸ್‌ರೇ ಕೊಡ್ತೀಯಾ?” ಎಂದರು. ನಮ್ಮ ಊರಿನಲ್ಲಿ ಕರಡಿಗೆ ನೋಡದ ಕಣ್ಣಿಲ್ಲ. ಹಾಗಾಗಿ ಎಲ್ಲರ ಕಣ್ಣಿಗೂ ಅದು ಕರಡಿಗೆಯಾಗಿಯೇ ಕಂಡಿತು. ಗಂಟಲು ಬಾತಿದೆ ಎಂದು ಇನ್ನೊಂದು ಸಿರಪ್ಪು ಬರೆದು ಮನೆಗೆ ಕಳಿಸಿದರು.

ಗಿಡ್ಡಪ್ಪ ಕಾರಿನವರೆಗೆ ಓಡಿದ. ನಾನು ಕಿಟಕಿಯಿಂದ ನೋಡುತ್ತಿದ್ದೆ. ಸಂಗೀತಾ ಕೂತ ಬದಿಯ ಕಿಟಕಿಗೆ ಬಗ್ಗಿ, “ತಾಯೀ, ನಿನ್ ಕಾಲಿಗ್ ಬೀಳ್ತೀನಿ. ಮನೇಲಿ ರಿಮೋಟು, ಆಟದ ಸಾಮಾನು, ದೀಪ, ಗುಂಡು ಸೆಲ್ ಹಾಕೋ ಅಂಥದೆಲ್ಲ ತಿರುಗ್ಸಿ ನೋಡು. ಒಂದು ಕಾಣ್ಲಿಲ್ಲ ಅಂದ್ರೂ ಶಿವಮೊಗ್ಗಕ್ಕೆ ಓಡು. ನಮ್ಮನ್ನ ಕೇಳ್ತಾ ಕೂರ್ಬೇಡ,” ಎಂದು ಕೂಗುತ್ತಿದ್ದ. ಗಾಜು ಮೇಲೇರಿತು.

ಸಂಗೀತಾ ಮನೆ ಮುಟ್ಟಿದ್ದು ಒಂದು ಗಂಟೆಗೆ. ಹೋದ ತಕ್ಷಣ ಹುಡುಕಬಹುದಿತ್ತಲ್ಲ ಎನ್ನುತ್ತೀರಿ. ಸೊಸೆಯಾಗಿ ಬಾಳಿದವರು ಹಾಗೆ ಕೇಳುವುದಿಲ್ಲ. ಮನೆಗೆ ಮಠದ ಕಡೆಯ ನಾಲ್ಕು ಜನ ಊಟಕ್ಕೆ ಬಂದಿದ್ದರಂತೆ. ರೊಟ್ಟಿ ತಟ್ಟಿ, ಬಡಿಸಿ, ಪಾತ್ರೆ ಎತ್ತಿಡುವ ಹೊತ್ತಿಗೆ ನಾಲ್ಕೂವರೆ. ಆಮೇಲೆ ಅವಳು ಮನೆಯೆಲ್ಲ ತಡಕಾಡಿ ಕೊನೆಗೆ ದೇವರ ಮನೆಗೆ ಹೋದಳು. ಅಲ್ಲಿ ಮಿಣಮಿಣ ಎನ್ನುವ ಪ್ಲಾಸ್ಟಿಕ್ ದೀಪಗಳಿದ್ದವು, ಸೆಲ್ಲಿನವು. ಒಂದು ದೀಪದ ತಳದ ಮುಚ್ಚಳ ಇರಲಿಲ್ಲ. ಒಳಗೆ ಸೆಲ್ಲೂ ಇರಲಿಲ್ಲ.

ಫೋನು ಎತ್ತಿದವಳು ನಾನು. “ಆ ಎಕ್ಸ್‌ರೇ ಅಣ್ಣನಿಗೆ ಕೊಡಿ, ಬೇರೆ ಯಾರಿಗೂ ಬೇಡ,” ಎಂದು ಅಳುತ್ತಿದ್ದಳು. ಗಿಡ್ಡಪ್ಪ ಬುತ್ತಿ ಚೀಲ ಹೆಗಲಿಗೆ ಹಾಕಿಕೊಂಡು ರೈಲಿಗೆ ಹೊರಟಿದ್ದವನು ವಾಪಸ್ಸು ಓಡಿಬಂದ. “ಬಾಯಿಗ್ ಏನೂ ಹಾಕ್ಬೇಡ ತಾಯಿ. ಹೊರಡು,” ಎಂದಷ್ಟೇ ಹೇಳಿ, ಶಿವಮೊಗ್ಗಕ್ಕೆ ತಾನೇ ಫೋನು ಮಾಡಿ ಎಲ್ಲ ಸಿದ್ಧ ಮಾಡಿಸಿದ. ಆ ಸಂಜೆ ಅವನು ರೈಲು ತಪ್ಪಿಸಿಕೊಂಡ.

ಸೆಲ್ಲು ತೆಗೆದರು. ಕರ್ರಗಾಗಿತ್ತಂತೆ. ಅದು ಮಗುವಿನ ಗಂಟಲಲ್ಲಿ ಇಪ್ಪತ್ತನಾಲ್ಕು ಗಂಟೆ ಕೂತಿತ್ತು. ಅನ್ನನಾಳ ಸುಟ್ಟು ಉಸಿರುನಾಳಕ್ಕೆ ತೂತು ಬಿದ್ದಿತ್ತು. ಅಲ್ಲಿಂದ ಬೆಂಗಳೂರು, ಮೂರು ಆಪರೇಷನ್ನು, ಹೊಟ್ಟೆಗೆ ಪೈಪು. ಹಿಂದಿನ ಸಂಜೆಯಿಂದಲೇ ಸುಡುತ್ತಿತ್ತು, ಬೆಳಿಗ್ಗೆ ಗೊತ್ತಾಗಿದ್ದರೂ ಪೂರ್ತಿ ತಪ್ಪುತ್ತಿರಲಿಲ್ಲ ಎಂದು ಡಾಕ್ಟರ್ ಷಡಕ್ಷರಿ ಎಲ್ಲರೆದುರು ಹೇಳಿಕೊಂಡು ಓಡಾಡಿದರು. ಬೆಳಿಗ್ಗೆ ತೆಗೆದಿದ್ದರೆ ತೂತಿನವರೆಗೆ ಹೋಗುತ್ತಿತ್ತೋ ಇಲ್ಲವೋ, ಅದನ್ನು ಮಾತ್ರ ಅವರು ಹೇಳಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ರುದ್ರಮೂರ್ತಿ ಬಂದು ಆಸ್ಪತ್ರೆಯ ಗಾಜು ಒಡೆಯುವ ಹಾಗೆ ಕೂಗಾಡಿದರು. ಯಾರ ಮೇಲಾದರೂ ಹಾಕಬೇಕಿತ್ತು. ತಮ್ಮ ಮೇಲೆ ತಾವು ಹಾಕಿಕೊಳ್ಳುತ್ತಾರಾ? ಡಾಕ್ಟರು ತಮ್ಮ ಮೇಲೆ ಹಾಕಿಕೊಳ್ಳುತ್ತಾರಾ? ಇಬ್ಬರೂ ಒಳಗೆ ಅರ್ಧ ಗಂಟೆ ಕೂತು ಕಾಫಿ ಕುಡಿದು ಹೊರಬಂದಾಗ ಒಂದು ಕಾಗದ ತಯಾರಾಗಿತ್ತು. ‘ರೋಗಿಯ ಕೊರಳಿನಲ್ಲಿದ್ದ ಲೋಹದ ವಸ್ತುವನ್ನು ತೆಗೆಸುವಂತೆ ತಂತ್ರಜ್ಞರು ಸೂಚಿಸಿರುವುದಿಲ್ಲ. ಇದರಿಂದಾಗಿ ಚಿತ್ರವು ಅಸ್ಪಷ್ಟವಾಗಿರುತ್ತದೆ.’ ಕೆಳಗೆ ಸಾಕ್ಷಿಯ ಹೆಸರು, ವಿಮಲಮ್ಮ, ಹಿರಿಯ ಶುಶ್ರೂಷಕಿ.

ಸಹಿ ಹಾಕಿದೆ. ಇನ್ನೂ ಒಂದೂವರೆ ವರ್ಷದ ಸರ್ವೀಸಿತ್ತು, ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದರು, ಇತ್ಯಾದಿ ಇತ್ಯಾದಿ. ಥೂ. ಕಾರಣಗಳಿಗೇನು, ಎಷ್ಟು ಬೇಕಾದರೂ ಸಿಗುತ್ತವೆ. ಗಿಡ್ಡಪ್ಪ ಆ ಕಾಗದವನ್ನು ಓದಿ, ನನ್ನ ಸಹಿಯ ಮೇಲೆ ಬೆರಳಿಟ್ಟು, ನನ್ನ ಮುಖ ನೋಡಿ, ಬುತ್ತಿ ಚೀಲ ತೆಗೆದುಕೊಂಡು ಹೋದ. ಕಡೂರಿನ ಒಂದು ಕಲ್ಯಾಣಮಂಟಪದಲ್ಲಿ ಕಾವಲಿನ ಕೆಲಸಕ್ಕೆ ಸೇರಿದ ಎಂದು ಆಮೇಲೆ ಕೇಳಿದೆ. ಕೂಸಿನ ಕೊರಳು ಸುಟ್ಟವನು ಎಂಬ ಹೆಸರು ಅವನಿಗಿಂತ ಮೊದಲು ಅಲ್ಲಿಗೆ ತಲುಪಿತ್ತು.

ಈ ವರ್ಷ ನನ್ನ ಸರ್ವೀಸು ಮುಗಿಯಿತು. ಕೊನೆಯ ದಿನ ಎಕ್ಸ್‌ರೇ ಕೋಣೆಯ ರದ್ದಿ ಹೊರಗೆ ಹಾಕಿದ್ದರು. ಅದರಲ್ಲಿ ಆ ತಗಡಿನ ಡಬ್ಬ ಬಿದ್ದಿತ್ತು. ಎತ್ತಿಕೊಂಡು ಚೀಲಕ್ಕೆ ಹಾಕಿದೆ. ಮುಂದಿನ ಭಾನುವಾರ ರೈಲಿನಲ್ಲಿ ಬೀರೂರಿಗೆ, ಅಲ್ಲಿಂದ ಬಸ್ಸು ಹಿಡಿದು ಹಿರೇನಲ್ಲೂರಿಗೆ ಹೋದೆ. ಅಷ್ಟು ವರ್ಷ ಅವನು ದಿನಾ ಬಂದ ದಾರಿಯಲ್ಲಿ ನಾನು ಮೊದಲ ಸಲ ಹೋದದ್ದು.

ಮನೆ ಮುಂದೆ ಅವನ ಹೆಂಡತಿ ಹನುಮಂತಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ನಾನು ಯಾರೆಂದು ಹೇಳಿದೆ. ಮೊರ ಕೆಳಗಿಟ್ಟಳು.

“ಸೈನ್ ಹಾಕಿದ್ ಸಿಸ್ಟರ್ ನೀವೇನಾ? ಈಗ್ಯಾಕ್ ಬಂದ್ರಿ? ಇನ್ನೊಂದ್ ಕಾಗ್ದ ಉಳ್ಕಂಡದಾ?”

ಒಳಗಿನಿಂದ ಗಿಡ್ಡಪ್ಪ, “ಬಿಡೇ, ಮನೆಗ್ ಬಂದೋರಿಗೆ ಹಂಗನ್ಬಾರ್ದು,” ಎನ್ನುತ್ತ ಬಂದ. ಬೆನ್ನು ಸ್ವಲ್ಪ ಬಗ್ಗಿತ್ತು. ಈಗ ಬಾಗಿಲಲ್ಲಿ ತಲೆ ತಗ್ಗಿಸುವ ಅಗತ್ಯ ಅಷ್ಟಿರಲಿಲ್ಲ. ಚಾಪೆ ಹಾಸಿ ಕೂರಿಸಿದ. ಹನುಮಂತಮ್ಮ ಕಾಫಿ ಮಾಡಿದಳು. ಲೋಟ ಕೊಡುವ ಮೊದಲು, “ನಮ್ಮನೇಲಿ ಕುಡೀತೀರಾ?” ಎಂದು ಕೇಳಿದಳು. ವ್ಯಂಗ್ಯವಲ್ಲ, ನಿಜವಾಗಿಯೇ ಕೇಳಿದ್ದು. ಕುಡಿದೆ.

ಡಬ್ಬ ಕೊಟ್ಟೆ. ಅವನು ಮುಚ್ಚಳ ತೆಗೆದು ಒಂದೊಂದೇ ಚೀಟಿ ಓದಿದ. ಮೂಗುತಿ ತಿರುಪು ಕೈಗೆ ತೆಗೆದುಕೊಂಡು ಸ್ವಲ್ಪ ನಕ್ಕ. ಆಮೇಲೆ ಡಬ್ಬ ಪಕ್ಕಕ್ಕಿಟ್ಟು ಕೇಳಿದ.

“ಮಗು ಈಗ ನುಂಗ್ತದಾ ಸಿಸ್ಟರ್?”

“ನೀರು ನುಂಗುತ್ತಂತೆ. ಅನ್ನ ಇಲ್ಲ. ಪೈಪಿನಲ್ಲೇ ಕೊಡ್ತಾರೆ.”

“ಮಾತು?”

“ಇನ್ನೂ ಬಂದಿಲ್ಲ.”

ನಾನು ತಂದಿದ್ದ ಮಾತುಗಳೆಲ್ಲ, ತಪ್ಪಾಯ್ತು, ಬೇಕಾದರೆ ಈಗ ಬರೆದುಕೊಡುತ್ತೇನೆ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಕೈ ಅಡ್ಡ ಹಿಡಿದ.

“ಆ ಕಾಗ್ದ ಬಿಡಿ ಸಿಸ್ಟರ್. ಹೊಟ್ಟೆಪಾಡು, ನನಗೂ ಗೊತ್ತಾಯ್ತದೆ. ನನ್ ಕೆಲ್ಸ ಹೋಗಿದ್ದೂ ಬಿಡಿ. ಅವತ್ತು ಆ ಕರಡಿಗೆನ ನಾಲ್ಕು ಬೆರಳಷ್ಟು ಪಕ್ಕಕ್ ಸರಿಸಿದ್ರೆ ಎಲ್ಲಾರ್ಗೂ ಕಾಣ್ತಿತ್ತು. ನಾನಂತೂ ಮುಟ್ಟಂಗಿರ್ಲಿಲ್ಲ. ನೀವು ಮುಟ್ಬೌದಿತ್ತು. ನಿಮ್ ಕೈಗೆ ಯಾರೂ ಬ್ಯಾಡ ಅಂತಿರ್ಲಿಲ್ಲ. ನಾನ್ ಕರುದ್ನಲ್ಲ ನಿಮ್ಮನ್ನ. ಯಾಕ್ ಮುಟ್ಲಿಲ್ಲ?”

“ಹೆದರಿಕೆ ಆಯ್ತು ಕಣಪ್ಪ. ರುದ್ರಮೂರ್ತಿಯೋರು ಅಂದ್ರೆ…”

ಅವನು ನನ್ನ ಮುಖವನ್ನೇ ನೋಡಿದ. ನೆರಳು ಓದುವ ಕಣ್ಣುಗಳು ಅವು. “ಹೆದರಿಕೆ,” ಎಂದು ಒಮ್ಮೆ ತಾನೂ ಹೇಳಿ, ಡಬ್ಬದ ಮುಚ್ಚಳ ಹಾಕಿದ. ಬಸ್ಸು ನಿಲ್ಲುವ ಜಾಗದವರೆಗೆ ಬಂದು ಹತ್ತಿಸಿ ಹೋದ.

ಸುಳ್ಳು ಹೇಳಿದ್ದೆ, ಅಲ್ಲಿಯೂ. ರುದ್ರಮೂರ್ತಿಗೆ ನಾನು ಹೆದರಿದವಳಲ್ಲ, ನನ್ನ ಬಾಯಿಗೆ ಅವರೇ ಹೆದರುತ್ತಿದ್ದರು. ನಿಜ ಇಷ್ಟು. ಗಿಡ್ಡಪ್ಪನ ಕೈ ಆ ಕರಡಿಗೆಯ ಕಡೆ ಚಾಚಿದಾಗ ರುದ್ರಮೂರ್ತಿ ಕೂಗುವ ಮೊದಲೇ ನನ್ನ ಮೈ ಉರಿದಿತ್ತು. ಇವನಿಗೆಷ್ಟು ಸೊಕ್ಕು, ಲಿಂಗಕ್ಕೇ ಕೈ ಹಾಕುತ್ತಾನಲ್ಲ ಎಂದು. ‘ಮುಟ್ಬೇಡಲೇ’ ಎಂದು ಕೂಗಿದ್ದು ಅವರ ಬಾಯಿ, ಅಷ್ಟೇ. ಆ ಸಿಟ್ಟಿನಲ್ಲೇ ನಾನು ಫೈಲು ನೋಡುತ್ತ ನಿಂತೆ. ಇವನಿಗೆ ಬುದ್ಧಿ ಬರಲಿ ಎಂದು ನಿಂತೆ. ಮೇಜಿನ ಮೇಲೆ ಮಗುವೊಂದು ಒಳಗೊಳಗೇ ಸುಡುತ್ತಿತ್ತು.

ಈಗಲೂ ದಿನಾ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕೂರುತ್ತೇನೆ. ಕರಡಿಗೆ ತೆರೆದು ಲಿಂಗವನ್ನು ಎಡಗೈಯ ಮೇಲೆ ಇಟ್ಟುಕೊಳ್ಳುತ್ತೇನೆ. ಕರಡಿಗೆಯನ್ನು ಎರಡು ಬೆರಳಿನಲ್ಲಿ ಹಿಡಿದು ಪಕ್ಕಕ್ಕೆ ಇಡುತ್ತೇನೆ. ಅದಕ್ಕೆ ಭಾರವೇ ಇಲ್ಲ.